ಸ್ಟ್ರಾಂಗ್ ಮೇಯರ್ ಕಾನೂನು: ಒಂಟಾರಿಯೊದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನಾವಿರುವ ಊರು ಚಿಕ್ಕದು. ಮೇಯರ್ ಸೇರಿ ಕೌನ್ಸಿಲ್‌ನಲ್ಲಿ ಏಳೇ ಜನ. 2025ರ ಮೇ 1ರಿಂದ ನಮ್ಮ ಮೇಯರ್‌ಗೂ ‘ಸ್ಟ್ರಾಂಗ್ ಮೇಯರ್’ ಅಧಿಕಾರ ಬಂದಿದೆ. ಆಮೇಲಿಂದ ಹಬ್ಬದ ಊಟಕ್ಕೆ ಸೇರಿದಾಗ, ಮಕ್ಕಳ ಕನ್ನಡ ಕ್ಲಾಸ್ ಮುಗಿಯಲಿ ಅಂತ ಹೊರಗೆ ಕಾಯುತ್ತಾ ನಿಂತಾಗ, ಯಾರಾದರೊಬ್ಬರು ಈ ಮಾತು ತೆಗೆಯುತ್ತಾರೆ. ಕೇಳಿದ ಪ್ರಶ್ನೆಗಳನ್ನೇ ಮತ್ತೆ ಕೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನನಗೆ ಸರಿ ಕಾಣದ್ದನ್ನು ಸರಿ ಕಾಣಲಿಲ್ಲ ಅಂತಲೇ ಬರೆದಿದ್ದೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಸ್ಟ್ರಾಂಗ್ ಮೇಯರ್ ಅಂದರೆ ಏನು?

ಕೌನ್ಸಿಲ್ ಒಪ್ಪದಿದ್ದರೂ ಮೇಯರ್ ಕೆಲವು ಕೆಲಸಗಳನ್ನು ತಾವೇ ಮಾಡಬಹುದು ಅಂತ ಕಾನೂನೇ ಹೇಳುವ ವ್ಯವಸ್ಥೆ ಇದು. ಬಜೆಟ್ ಮಂಡಿಸುವುದು ಮೇಯರ್. ಕೌನ್ಸಿಲ್ ಮಾಡಿದ ಬೈಲಾಗೆ (ಊರಿನ ಮಟ್ಟದ ಕಾನೂನಿಗೆ) ವೀಟೋ ಹಾಕುವುದು, ಅಂದರೆ ತಡೆಯುವುದು, ದೊಡ್ಡ ಅಧಿಕಾರಿಗಳನ್ನು ನೇಮಿಸುವುದು, ತೆಗೆಯುವುದು, ಕಮಿಟಿಗಳನ್ನು ಮಾಡಿ ಅದಕ್ಕೆ ಅಧ್ಯಕ್ಷರನ್ನು ಕೂರಿಸುವುದು, ಇವೆಲ್ಲ ಮೇಯರ್ ಕೈಗೆ ಬಂದಿವೆ. ಎಲ್ಲಕ್ಕಿಂತ ದೊಡ್ಡದು, ಬಹುಮತ ಇಲ್ಲದೆಯೂ ಕೆಲವು ಬೈಲಾಗಳನ್ನು ಪಾಸ್ ಮಾಡಿಸಿಕೊಳ್ಳುವ ಅಧಿಕಾರ.

ಮೊದಲು ಹೇಗಿತ್ತು?

ಮೇಯರ್‌ಗೂ ಒಂದೇ ವೋಟು, ಕೌನ್ಸಿಲರ್‌ಗೂ ಒಂದೇ ವೋಟು. ಸಭೆ ನಡೆಸುವುದು, ಊರಿನ ಪರವಾಗಿ ಮಾತಾಡುವುದು ಮೇಯರ್ ಕೆಲಸ. ಉಳಿದದ್ದೆಲ್ಲ ಒಪ್ಪಿಸಿ ಮಾಡಬೇಕಿತ್ತು. ಒಬ್ಬೊಬ್ಬ ಕೌನ್ಸಿಲರ್ ಹತ್ತಿರ ಹೋಗಿ, ಅವರ ವಾರ್ಡಿನ ಕಷ್ಟ ಕೇಳಿ, ಕೊಟ್ಟು ತಗೊಂಡು ವೋಟು ಕೂಡಿಸಬೇಕಿತ್ತು. ಕೆಲಸ ನಿಧಾನ ಆಗುತ್ತಿತ್ತು, ನಿಜ.

ಯಾವಾಗ ಬಂತು? ಯಾವ ಯಾವ ಊರಿಗೆ?

ಮೊದಲ ಕಾನೂನು 2022ರ ಸೆಪ್ಟೆಂಬರ್ 8ರಂದು ಒಪ್ಪಿಗೆ ಪಡೆಯಿತು. ಹೆಸರಲ್ಲೇ ‘ಸ್ಟ್ರಾಂಗ್ ಮೇಯರ್ಸ್, ಬಿಲ್ಡಿಂಗ್ ಹೋಮ್ಸ್’ ಅಂತ ಇತ್ತು. ಆಗ ಟೊರೊಂಟೊ ಮತ್ತು ಒಟ್ಟಾವಾಕ್ಕೆ ಮಾತ್ರ. 2023ರ ಜುಲೈ 1ರಂದು ಇನ್ನೂ 26 ಊರು ಸೇರಿದವು. ಅದೇ ವರ್ಷ ಅಕ್ಟೋಬರ್ ಕೊನೆಗೆ ಮತ್ತೆ 18. 2025ರ ಮೇ 1ರಂದು ಒಂದೇ ಸಲಕ್ಕೆ 169 ಊರು. ಕೌನ್ಸಿಲ್‌ನಲ್ಲಿ ಆರು ಅಥವಾ ಅದಕ್ಕಿಂತ ಜಾಸ್ತಿ ಸದಸ್ಯರಿದ್ದರೆ ಸಾಕು ಅಂದರು. ಈಗ ಲೆಕ್ಕ ಇನ್ನೂರು ದಾಟಿದೆ. ಟ್ರಾಫಿಕ್ ಲೈಟೇ ಬೆರಳೆಣಿಕೆಯಷ್ಟಿರುವ ಊರುಗಳೂ ಇದರಲ್ಲಿವೆ. ಕೆಲವು ಚಿಕ್ಕ ಊರಿನ ಕೌನ್ಸಿಲ್‌ಗಳು ‘ನಮಗಿದು ಬೇಡ’ ಅಂತ ನಿರ್ಣಯವನ್ನೇ ಮಾಡಿದವು.

ಬಹುಮತ ಇಲ್ಲದೆ ಬೈಲಾ ಪಾಸ್ ಆಗುತ್ತೆ ಅಂತಾರೆ. ನಿಜಾನಾ?

ನಿಜ. ನನ್ನ ತಕರಾರು ಇರುವುದೇ ಇಲ್ಲಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಅಧಿಕಾರ ಮೊದಲ ಕಾನೂನಿನಲ್ಲಿ ಇರಲಿಲ್ಲ. 2022ರ ಅಕ್ಟೋಬರ್ 24ಕ್ಕೆ ಸ್ಥಳೀಯ ಚುನಾವಣೆ ಆಯಿತು. ಜನ ವೋಟು ಹಾಕಿ ಮನೆಗೆ ಹೋದರು. ನವೆಂಬರ್ 16ಕ್ಕೆ ಬಿಲ್ 39 ಅನ್ನೋ ಎರಡನೇ ಮಸೂದೆ ಬಂತು, ಡಿಸೆಂಬರ್ 8ಕ್ಕೆ ಕಾನೂನಾಯಿತು. ಇದನ್ನು ಕೇಳಿದ್ದು ತಾನೇ ಅಂತ ಆಗಿನ ಟೊರೊಂಟೊ ಮೇಯರ್ ಜಾನ್ ಟೋರಿ ಒಪ್ಪಿಕೊಂಡರು. ಚುನಾವಣೆಗೆ ಮೊದಲು ಹೇಳಿದ್ದರೆ ಜನ ಏನು ಅನ್ನುತ್ತಿದ್ದರೋ! ಕೇಳುವ ಅವಕಾಶವೇ ಅವರಿಗೆ ಸಿಗಲಿಲ್ಲ.

ಲೆಕ್ಕ ಹೀಗಿದೆ. ಮೇಯರ್ ತಾವೇ ಒಂದು ಬೈಲಾ ತರಬಹುದು. ಕೌನ್ಸಿಲ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವೋಟು ಬಿದ್ದರೆ ಅದು ಪಾಸ್. ಮೇಯರ್ ವೋಟೂ ಇದರಲ್ಲಿ ಲೆಕ್ಕಕ್ಕೆ ಬರುತ್ತೆ. ಟೊರೊಂಟೊದಲ್ಲಿ 25 ಕೌನ್ಸಿಲರ್‌ಗಳು, ಮೇಯರ್ ಸೇರಿದರೆ 26. ಒಂಬತ್ತು ವೋಟು ಸಾಕು. ಅಂದರೆ 17 ಜನ ಬೇಡ ಅಂದರೂ ಬೈಲಾ ಪಾಸ್. ನಮ್ಮವರು ತುಂಬಾ ಜನ ಇರುವ ಬ್ರಾಂಪ್ಟನ್‌ನಲ್ಲಿ ಒಟ್ಟು 11 ಜನ. ಅಲ್ಲಿ ಮೇಯರ್ ಜೊತೆ ಮೂವರು ಇದ್ದರೆ ಸಾಕು, ಉಳಿದ ಏಳು ಜನ ಕೈ ಎತ್ತಿ ವಿರೋಧಿಸಿದರೂ ತಡೆಯಲು ಆಗುವುದಿಲ್ಲ. ಏಳು ಜನರ ನಮ್ಮ ಊರಲ್ಲಿ ಮೇಯರ್ ಮತ್ತು ಇಬ್ಬರು. ಮೂವರು ಸೇರಿ ನಾಲ್ವರನ್ನು ಸೋಲಿಸಬಹುದು.

ಮೂರು ದೊಡ್ಡದೋ ನಾಲ್ಕು ದೊಡ್ಡದೋ ಅಂತ ಒಂದನೇ ಕ್ಲಾಸಿನ ಮಗುವನ್ನು ಕೇಳಿ. ಸಂಘದ ಮೀಟಿಂಗ್‌ನಲ್ಲಿ ಪಿಕ್‌ನಿಕ್ ಎಲ್ಲಿ ಅಂತ ತೀರ್ಮಾನ ಮಾಡುವಾಗಲೂ ನಾವು ಜಾಸ್ತಿ ಕೈ ಎದ್ದ ಕಡೆಗೇ ಹೋಗುತ್ತೇವೆ, ಅಲ್ವಾ? ಮೇಯರ್ ಬಲವಾಗಿರಲಿ, ಅದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಸೋತ ಕಡೆಯನ್ನು ಗೆದ್ದದ್ದು ಅಂತ ಬರೆದುಕೊಳ್ಳುವ ಕಾನೂನು ನನಗೆ ಒಪ್ಪಿಗೆ ಇಲ್ಲ.

ನಾನೊಬ್ಬನೇ ಹೀಗೆ ಹೇಳುತ್ತಿಲ್ಲ. ಟೊರೊಂಟೊದ ಐವರು ಮಾಜಿ ಮೇಯರ್‌ಗಳು ಆಗಲೇ ಒಟ್ಟಿಗೆ ಪತ್ರ ಬರೆದು ಇದನ್ನು ವಿರೋಧಿಸಿದ್ದರು: ಡೇವಿಡ್ ಕ್ರಾಂಬಿ, ಜಾನ್ ಸ್ಯೂವೆಲ್, ಆರ್ಟ್ ಎಗಲ್ಟನ್, ಬಾರ್ಬರಾ ಹಾಲ್, ಡೇವಿಡ್ ಮಿಲ್ಲರ್. ಒಬ್ಬೊಬ್ಬರದು ಒಂದೊಂದು ರಾಜಕೀಯ. ಆ ಕುರ್ಚಿಯಲ್ಲಿ ಕೂತು ಎದ್ದವರೇ ‘ಇಷ್ಟು ಅಧಿಕಾರ ಬೇಡ’ ಅಂದರೆ ಕಿವಿಗೆ ಹಾಕಿಕೊಳ್ಳಬೇಕು.

ಯಾವ ವಿಷಯಕ್ಕೆ ಬೇಕಾದರೂ ಹೀಗೆ ಮಾಡಬಹುದಾ?

ಇಲ್ಲ. ‘ಪ್ರಾಂತ್ಯದ ಆದ್ಯತೆ’ಗೆ ಸಂಬಂಧಪಟ್ಟಿರಬೇಕು. ಮುಖ್ಯವಾದದ್ದು 2031ರ ಕೊನೆಯ ಹೊತ್ತಿಗೆ 15 ಲಕ್ಷ ಹೊಸ ಮನೆ ಕಟ್ಟುವುದು. ಅದಕ್ಕೆ ಬೇಕಾದ ರಸ್ತೆ, ನೀರು, ಚರಂಡಿ, ಬಸ್ಸು-ರೈಲು ಕೂಡ ಸೇರುತ್ತವೆ.

ಕೇಳಲು ಇದು ಬೇಲಿ ಹಾಕಿದ ಹಾಗೆ ಕಾಣುತ್ತೆ. ಹತ್ತಿರ ಹೋಗಿ ನೋಡಿದರೆ ಆ ಬೇಲಿಯಲ್ಲಿ ಎರಡು ತೊಂದರೆ. ಒಂದು, ಯಾವ ಬೈಲಾ ಆದ್ಯತೆಗೆ ಸೇರುತ್ತೆ ಅಂತ ಹೇಳುವವರು ಮೇಯರ್ರೇ. ಅವರ ಅಭಿಪ್ರಾಯದಲ್ಲಿ ಸೇರಿದರೆ ಸೇರಿತು. ಊರಿನಲ್ಲಿ ಮನೆಗೆ, ರಸ್ತೆಗೆ ಸಂಬಂಧ ಇಲ್ಲದ ವಿಷಯ ಎಷ್ಟಿರುತ್ತೆ ಹೇಳಿ. ಎರಡು, ಆದ್ಯತೆಯ ಪಟ್ಟಿ ಬರೆಯುವುದು ಪ್ರಾಂತ್ಯದ ಸರ್ಕಾರ. ನಮ್ಮ ಊರಿಗೆ ಬೇಕಾಗಿರುವುದು ಲೈಬ್ರರಿಯೋ, ಆಟದ ಮೈದಾನವೋ ಆಗಿದ್ದರೆ ಅದಕ್ಕೆ ಮೇಯರ್ ಈ ಅಧಿಕಾರ ಬಳಸುವಂತಿಲ್ಲ. ಸರ್ಕಾರಕ್ಕೆ ಏನು ಬೇಕೋ ಅದಕ್ಕೆ ಮಾತ್ರ ಮೇಯರ್ ಸ್ಟ್ರಾಂಗ್. ಹಾಗಾಗಿ ಇದು ಊರಿಗೆ ಬಂದ ಬಲ ಅಂತ ನನಗೆ ಅನ್ನಿಸುವುದಿಲ್ಲ. ಪ್ರಾಂತ್ಯದ ಕೈ ನಮ್ಮ ಊರಿನ ಕೌನ್ಸಿಲ್ ಮೇಜಿನವರೆಗೆ ಉದ್ದ ಆಗಿದೆ, ಅಷ್ಟೇ.

ವೀಟೋ ಹೇಗೆ ಕೆಲಸ ಮಾಡುತ್ತೆ?

ಕೌನ್ಸಿಲ್ ಪಾಸ್ ಮಾಡಿದ ಬೈಲಾ ಪ್ರಾಂತ್ಯದ ಆದ್ಯತೆಗೆ ಅಡ್ಡ ಬರಬಹುದು ಅಂತ ಮೇಯರ್‌ಗೆ ಅನ್ನಿಸಿದರೆ ಎರಡು ದಿನದೊಳಗೆ ‘ಯೋಚಿಸುತ್ತಿದ್ದೇನೆ’ ಅಂತ ಬರೆದು ತಿಳಿಸಬೇಕು. 14 ದಿನದೊಳಗೆ ವೀಟೋ ಹಾಕಬಹುದು, ಕಾರಣ ಬರೆದು. ಆಮೇಲೆ ಕೌನ್ಸಿಲ್‌ಗೆ 21 ದಿನ ಸಮಯ. ಮೂರನೇ ಎರಡು ಭಾಗ ವೋಟು ಕೂಡಿದರೆ ವೀಟೋ ಬಿದ್ದುಹೋಗುತ್ತೆ. ಟೊರೊಂಟೊದಲ್ಲಿ ಅದಕ್ಕೆ 18 ವೋಟು ಬೇಕು. ಏಳು ಜನರ ಊರಲ್ಲಿ ಮೇಯರ್ ಬಿಟ್ಟು ಉಳಿದ ಆರರಲ್ಲಿ ಐದು ಜನ ಒಂದಾಗಬೇಕು. ಆರು ಜನರಲ್ಲಿ ಐದು ಜನ ಒಂದೇ ಮಾತಿಗೆ ಬರುವುದು ಎಷ್ಟು ಸಲ ಆಗುತ್ತೆ?

ಬಜೆಟ್? ನಮ್ಮ ಪ್ರಾಪರ್ಟಿ ಟ್ಯಾಕ್ಸ್ ಮೇಯರ್ ಒಬ್ಬರೇ ಏರಿಸಿಬಿಡಬಹುದಾ?

ಹೆಚ್ಚುಕಡಿಮೆ ಹೌದು, ತಡೆಯುವಷ್ಟು ವೋಟು ಕೌನ್ಸಿಲ್‌ನಲ್ಲಿ ಕೂಡದಿದ್ದರೆ. ಫೆಬ್ರವರಿ 1ರೊಳಗೆ ಮೇಯರ್ ಬಜೆಟ್ ಮುಂದಿಡಬೇಕು. ತಿದ್ದುಪಡಿಗೆ ಕೌನ್ಸಿಲ್‌ಗೆ 30 ದಿನ. ಆ ತಿದ್ದುಪಡಿಗೆ ಮೇಯರ್ ವೀಟೋ ಹಾಕಲು 10 ದಿನ. ವೀಟೋ ಬೀಳಿಸಲು ಕೌನ್ಸಿಲ್‌ಗೆ 15 ದಿನ, ಮತ್ತೆ ಅದೇ ಮೂರನೇ ಎರಡು ಭಾಗ.

ತುಂಬಾ ಜನ ಗಮನಿಸದ ಒಂದು ವಿಷಯ ಇದೆ. ಕೌನ್ಸಿಲ್ ಏನೂ ಮಾಡದೆ ಸುಮ್ನೆ ಕೂತರೆ ಬಜೆಟ್ ತಾನಾಗೇ ಪಾಸ್ ಆದ ಹಾಗೆ. ‘ಈ ಬಜೆಟ್ ಪರವಾಗಿ ಯಾರು ಕೈ ಎತ್ತಿದ್ದೀರಿ?’ ಅಂತ ಕೇಳುವ ಕ್ಷಣವೇ ಬರುವುದಿಲ್ಲ. ಆಮೇಲೆ ನಿಮ್ಮ ಕೌನ್ಸಿಲರ್ ಮನೆ ಬಾಗಿಲಿಗೆ ಬಂದು ‘ಟ್ಯಾಕ್ಸ್ ಏರಿಸಿದ್ದು ನಾನಲ್ಲ, ಮೇಯರ್’ ಅನ್ನಬಹುದು. ಅವರು ಯಾವ ತಿದ್ದುಪಡಿ ತಂದರು, ಯಾವುದಕ್ಕೆ ವೋಟು ಹಾಕಿದರು ಅಂತ ಕೇಳಿ.

ಮೇಯರ್ ಫೆಬ್ರವರಿ 1ರೊಳಗೆ ಬಜೆಟ್ ಇಡದಿದ್ದರೆ ಆ ಕೆಲಸ ಕೌನ್ಸಿಲ್‌ಗೆ ಹೋಗುತ್ತೆ; ಇಟ್ಟರೆ ಅದು ಅವರ ಹೆಸರಲ್ಲೇ ಬರುತ್ತೆ. ಟೊರೊಂಟೊದಲ್ಲಿ ಮೇಯರ್ ಒಲಿವಿಯಾ ಚೌ 2024ರಲ್ಲಿ ತಮ್ಮ ಮೊದಲ ಬಜೆಟ್ ತಂದಾಗ ಮನೆಗಳ ಪ್ರಾಪರ್ಟಿ ಟ್ಯಾಕ್ಸ್ 9.5% ಏರಿತು. ಬೈಗುಳ, ಹೊಗಳಿಕೆ ಎರಡೂ ನೇರವಾಗಿ ಅವರಿಗೇ ಹೋಯಿತು. ಇದು ಒಳ್ಳೆಯದೇ ಅಂತ ನನಗೆ ಅನ್ನಿಸುತ್ತೆ. ಇಡೀ ಊರು ನೇರವಾಗಿ ಆರಿಸಿದ ಒಬ್ಬರು ‘ಇದು ನನ್ನ ಲೆಕ್ಕ’ ಅಂತ ನಿಂತರೆ ಕೇಳುವವರಿಗೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತೆ.

ಅಧಿಕಾರಿಗಳನ್ನೂ ಮೇಯರ್ ತೆಗೆಯಬಹುದಾ?

ಸಿಟಿ ಮ್ಯಾನೇಜರ್, ಇಲಾಖೆಗಳ ಮುಖ್ಯಸ್ಥರು, ಹೌದು. ಕ್ಲರ್ಕ್ (ಇಲ್ಲಿ ಕೌನ್ಸಿಲ್‌ನ ಕಾರ್ಯದರ್ಶಿ ಇದ್ದ ಹಾಗೆ), ಖಜಾಂಚಿ, ಫೈರ್ ಚೀಫ್, ಪೊಲೀಸ್ ಚೀಫ್, ಆಡಿಟರ್ ಜನರಲ್ ಇಂಥವರನ್ನು ಮುಟ್ಟುವಂತಿಲ್ಲ. ನನ್ನ ಭಯ ಕೆಲಸ ಕಳೆದುಕೊಳ್ಳುವವರ ಬಗ್ಗೆ ಅಷ್ಟಿಲ್ಲ, ಉಳಿಸಿಕೊಳ್ಳುವವರ ಬಗ್ಗೆ. ಪ್ಲಾನಿಂಗ್ ಇಲಾಖೆಯ ಮುಖ್ಯಸ್ಥರು ‘ಈ ಜಾಗದಲ್ಲಿ ನೀರು ನಿಲ್ಲುತ್ತೆ, ಮನೆ ಬೇಡ’ ಅಂತ ವರದಿ ಬರೆಯಬೇಕು. ಕೆಲಸ ಉಳಿಯುವುದು ಒಬ್ಬರ ಇಷ್ಟದ ಮೇಲೆ ಅಂತ ಗೊತ್ತಿದ್ದಾಗ ಆ ವಾಕ್ಯ ಬರೆಯುವ ಕೈ ಸ್ವಲ್ಪ ತಡವರಿಸುವುದಿಲ್ವಾ?

ಮೇಯರ್ ದಾರಿ ತಪ್ಪಿದರೆ ಕೌನ್ಸಿಲ್ ಅಧಿಕಾರ ಕಿತ್ತುಕೊಳ್ಳಬಹುದಾ?

2013ರ ನವೆಂಬರ್ ನೆನಪಿದೆಯಾ? ಆಗಿನ ಟೊರೊಂಟೊ ಮೇಯರ್ ರಾಬ್ ಫೋರ್ಡ್ ಡ್ರಗ್ಸ್ ಸೇವಿಸಿದ್ದನ್ನು ಒಪ್ಪಿಕೊಂಡ ಮೇಲೆ ಕೌನ್ಸಿಲ್ ಸೇರಿ ಅವರ ಹೆಚ್ಚಿನ ಅಧಿಕಾರ, ಕಚೇರಿ ಬಜೆಟ್‌ನ ದೊಡ್ಡ ಪಾಲು ವಾಪಸ್ ತಗೊಂಡಿತು. ಅದು ಸಾಧ್ಯ ಆಗಿದ್ದು ಆ ಅಧಿಕಾರಗಳನ್ನು ಕೊಟ್ಟಿದ್ದು ಕೌನ್ಸಿಲ್ಲೇ ಆಗಿದ್ದರಿಂದ. ಕೊಟ್ಟವರು ವಾಪಸ್ ಕೇಳಬಹುದು.

ಈಗಿನ ಸ್ಟ್ರಾಂಗ್ ಮೇಯರ್ ಅಧಿಕಾರ ಕೊಟ್ಟಿದ್ದು ಪ್ರಾಂತ್ಯದ ಕಾನೂನು. ಅದನ್ನು ಕಿತ್ತುಕೊಳ್ಳುವುದು ಕೌನ್ಸಿಲ್ ಕೈಲಿ ಇಲ್ಲ. ಈ ಕಾನೂನು ತಂದ ಪ್ರೀಮಿಯರ್ (ಪ್ರಾಂತ್ಯದ ಮುಖ್ಯಮಂತ್ರಿ ಇದ್ದ ಹಾಗೆ) ಡಗ್ ಫೋರ್ಡ್, ರಾಬ್ ಅವರ ಅಣ್ಣ, 2013ರಲ್ಲಿ ಅದೇ ಕೌನ್ಸಿಲ್‌ನಲ್ಲಿ ಸದಸ್ಯರಾಗಿ ಕೂತಿದ್ದವರು.

ಒಂದು ತಡೆ ಉಳಿದಿದೆ. ಮೇಯರ್‌ಗೆ ಸ್ವಂತ ಹಣದ ಲಾಭ-ನಷ್ಟ ಇರುವ ವಿಷಯದಲ್ಲಿ ಈ ಅಧಿಕಾರ ಬಳಸುವಂತಿಲ್ಲ.

ನಿಜವಾಗಿ ಯಾರಾದರೂ ಬಳಸಿದ್ದಾರಾ?

ಬಳಸಿದ್ದಾರೆ. ಎರಡು ಉದಾಹರಣೆ ಹೇಳುತ್ತೇನೆ. ಎರಡೂ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿವೆ.

2023ರ ಅಕ್ಟೋಬರ್‌ನಲ್ಲಿ ಮಿಸಿಸಾಗಾದಲ್ಲಿ ಒಂದು ಸೈಟಿನಲ್ಲಿ ನಾಲ್ಕು ಮನೆ ಕಟ್ಟಲು ಬಿಡಬೇಕೋ ಬೇಡವೋ ಅನ್ನೋ ವಿಷಯ ಬಂತು. ಕೌನ್ಸಿಲ್‌ನಲ್ಲಿ ಬೆಂಬಲ ಸಾಲಲಿಲ್ಲ. ಆ ಹೊತ್ತಿಗೆ ಕೇಂದ್ರ ಸರ್ಕಾರದ ವಸತಿ ನಿಧಿಯ ಹಣಕ್ಕೂ ಈ ಒಪ್ಪಿಗೆಗೂ ಗಂಟು ಬಿದ್ದಿತ್ತು. ಮೇಯರ್ ಬಾನಿ ಕ್ರಾಂಬಿ ಸ್ಟ್ರಾಂಗ್ ಮೇಯರ್ ಅಧಿಕಾರ ಬಳಸಿ ಅದನ್ನು ಮುಂದಕ್ಕೆ ತಳ್ಳಿದರು.

2024ರಲ್ಲಿ ಹ್ಯಾಮಿಲ್ಟನ್‌ನ ಸ್ಟೋನಿ ಕ್ರೀಕ್‌ನಲ್ಲಿ ಎರಡು ಪಾರ್ಕಿಂಗ್ ಜಾಗಗಳನ್ನು ಕಡಿಮೆ ಬಾಡಿಗೆ ಮನೆಗಳಿಗೆ ಕೊಡುವ ಪ್ರಸ್ತಾವ ಬಂತು. ಕೌನ್ಸಿಲ್‌ನಲ್ಲಿ ವೋಟು 8-8. ಇಲ್ಲಿ ಸಮ ಬಂದರೆ ಸೋತ ಹಾಗೆ ಲೆಕ್ಕ. ಮೇಯರ್ ಆಂಡ್ರಿಯಾ ಹಾರ್ವತ್ ತಮ್ಮ ಅಧಿಕಾರ ಬಳಸಿ ಪಾಸ್ ಮಾಡಿಸಿದರು.

ಎರಡೂ ಕಡೆ ಆದ ಕೆಲಸ ನನಗೆ ಇಷ್ಟವೇ. ಬಾಡಿಗೆ ಕಟ್ಟಲಾಗದೆ ಬೇಸ್‌ಮೆಂಟ್‌ನಿಂದ ಬೇಸ್‌ಮೆಂಟ್‌ಗೆ ಸಾಮಾನು ಹೊತ್ತ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಬೇಸ್‌ಮೆಂಟ್‌ನಲ್ಲೇ ದಾವಣಗೆರೆಯ ಇಬ್ಬರು ಹುಡುಗರು ಒಂದು ಚಳಿಗಾಲ ಇದ್ದರು. ಕಿಟಕಿ ಅಂದರೆ ಒಂದು ಮೊಳ ಉದ್ದ, ಅದರ ಅರ್ಧಕ್ಕೆ ಹಿಮ. ಮನೆ ಬೇಕು, ಜಾಸ್ತಿ ಬೇಕು, ಬೇಗ ಬೇಕು. ಆದರೂ ನನಗೆ ಇಷ್ಟವಾದ ಕೆಲಸಕ್ಕೆ ಬಳಸಿದ ದಾರಿಯಲ್ಲೇ ನಾಳೆ ಹೊಲ ಮುಚ್ಚುವ ಕೆಲಸವೂ ಬರುತ್ತೆ. ದಾರಿ ತೆರೆದಾದ ಮೇಲೆ ಯಾರು ಬರುತ್ತಾರೆ ಅಂತ ನಾವು ಆರಿಸಲು ಆಗುವುದಿಲ್ಲ.

ಬೇಡ ಅಂದವರೂ ಇದ್ದಾರೆ. ಒಟ್ಟಾವಾ ಮೇಯರ್ ಮಾರ್ಕ್ ಸಟ್‌ಕ್ಲಿಫ್ ತನಗೆ ಇದರ ಅಗತ್ಯ ಕಾಣುವುದಿಲ್ಲ ಅಂದಿದ್ದರು. ಚೌ ಕೂಡ 2023ರ ಚುನಾವಣೆಯಲ್ಲಿ ಬಹುಮತದ ಜೊತೆಗೇ ಹೋಗುತ್ತೇನೆ ಅಂತ ಹೇಳಿ ಗೆದ್ದರು.

ಮನೆಗಳು ಜಾಸ್ತಿ ಆದವಾ?

ಹತ್ತು ವರ್ಷಕ್ಕೆ 15 ಲಕ್ಷ ಅಂದರೆ ವರ್ಷಕ್ಕೆ ಒಂದೂವರೆ ಲಕ್ಷ. 2024ರಲ್ಲಿ ಒಂಟಾರಿಯೊದಲ್ಲಿ ಕೆಲಸ ಶುರುವಾದದ್ದು ಸುಮಾರು 75 ಸಾವಿರ ಮನೆಗಳಿಗೆ. ಅರ್ಧ. ಬಡ್ಡಿ ಏರಿತು, ಸಿಮೆಂಟು-ಕೂಲಿ ಏರಿತು, ಕಾಂಡೋ ಕೊಳ್ಳುವವರು ಹಿಂದೆ ಸರಿದರು. ಬೈಲಾ ಎಷ್ಟು ಬೇಗ ಪಾಸ್ ಮಾಡಿದರೂ ಬಿಲ್ಡರ್‌ಗೆ ಸಾಲ ಸಿಗದಿದ್ದರೆ ಪಾಯ ತೋಡುವವರು ಯಾರು? ಕಾಯಿಲೆ ಒಂದು ಕಡೆ, ಔಷಧಿ ಇನ್ನೊಂದು ಕಡೆ ಹಚ್ಚಿದ ಹಾಗಾಯಿತು.

ಪ್ರಾಂತ್ಯಕ್ಕೆ ಹೀಗೆ ಮಾಡುವ ಹಕ್ಕಿದೆಯಾ?

ಇದೆ. ಕೆನಡಾದ 1867ರ ಸಂವಿಧಾನ ನಗರಾಡಳಿತವನ್ನು ಪೂರ್ತಿ ಪ್ರಾಂತ್ಯಗಳ ಕೈಗೆ ಕೊಟ್ಟಿದೆ. 2018ರಲ್ಲಿ ಚುನಾವಣಾ ಪ್ರಚಾರ ನಡೆಯುತ್ತಿದ್ದಾಗಲೇ ಟೊರೊಂಟೊದ 47 ವಾರ್ಡುಗಳನ್ನು 25ಕ್ಕೆ ಇಳಿಸಿದರು. ನಗರ ಕೋರ್ಟಿಗೆ ಹೋಯಿತು. 2021ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಪ್ರಾಂತ್ಯದ ಪರ ತೀರ್ಪು ಕೊಟ್ಟಿತು.

ಮೇಯರ್ ನಿರ್ಧಾರದ ವಿರುದ್ಧ ನಾವು ಕೋರ್ಟಿಗೆ ಹೋಗಬಹುದಾ?

ಕಾನೂನು ಮೀರಿದ್ದರೆ, ದುರುದ್ದೇಶ ಇದ್ದರೆ ಹೋಗಬಹುದು. ‘ಈ ನಿರ್ಧಾರ ಅರ್ಥವಿಲ್ಲದ್ದು’ ಅನ್ನೋ ಒಂದೇ ಕಾರಣಕ್ಕೆ ಕೋರ್ಟ್ ಅದನ್ನು ರದ್ದು ಮಾಡುವಂತಿಲ್ಲ ಅಂತ ಕಾನೂನಲ್ಲೇ ಬರೆದಿದ್ದಾರೆ.

ಬೆಂಗಳೂರಿನ ಮೇಯರ್‌ಗೂ ಇಂಥ ಅಧಿಕಾರ ಇದ್ದಿದ್ದರೆ ಊರು ಉದ್ಧಾರ ಆಗುತ್ತಿತ್ತು ಅಲ್ವಾ?

ಪ್ರತಿ ಸಲ ಊರಿಂದ ಬಂದವರು ಕೇಳುವ ಪ್ರಶ್ನೆ. ನಮ್ಮಲ್ಲಿನ ಕಷ್ಟವೇ ಬೇರೆ. ಬಿಬಿಎಂಪಿ ಕೌನ್ಸಿಲ್ ಇದ್ದಾಗ ನಡೆಯುತ್ತಿದ್ದ 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ ಮೇಯರ್ ಅವಧಿ ಒಂದೇ ವರ್ಷ ಇತ್ತು. ಜನ ನೇರವಾಗಿ ಆರಿಸುತ್ತಿರಲಿಲ್ಲ, ಕಾರ್ಪೊರೇಟರ್‌ಗಳು ಆರಿಸುತ್ತಿದ್ದರು, ಅದೂ ಆ ವರ್ಷದ ಮೀಸಲಾತಿ ನೋಡಿಕೊಂಡು. ಆಡಳಿತ ನಡೆಸುತ್ತಿದ್ದದ್ದು ಸರ್ಕಾರ ಕಳಿಸಿದ ಕಮಿಷನರ್. ಕುರ್ಚಿ ಬೆಚ್ಚಗಾಗುವ ಹೊತ್ತಿಗೆ ಮೇಯರ್ ಅವಧಿ ಮುಗಿದಿರುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಅವಧಿ ಮುಗಿದ ಮೇಲಂತೂ ಐದು ವರ್ಷಕ್ಕೂ ಮೀರಿ ಚುನಾವಣೆಯೇ ಇಲ್ಲದೆ ಕಳೆಯಿತು. ಕೌನ್ಸಿಲ್ಲೇ ಇಲ್ಲದ ಕಡೆ ಮೇಯರ್ ಯಾರ ಮೇಲೆ ಸ್ಟ್ರಾಂಗ್ ಆಗಬೇಕು?

ಬೆಂಗಳೂರಿಗೆ ನಾನು ಕೇಳುವುದು ಹೊತ್ತಿಗೆ ಸರಿಯಾಗಿ ಚುನಾವಣೆ, ಪೂರ್ತಿ ಅವಧಿಯ ಮೇಯರ್, ಬಜೆಟ್ ಮೇಲೆ ಹಿಡಿತ. ಇಲ್ಲಿನ ಮೂರನೇ ಒಂದರ ಲೆಕ್ಕವನ್ನು ಮಾತ್ರ ಯಾರೂ ಅಲ್ಲಿಗೆ ಕೊಂಡೊಯ್ಯಬೇಡಿ.

ಮೇಯರ್ ರಾಜೀನಾಮೆ ಕೊಟ್ಟರೆ?

ಉಪಚುನಾವಣೆ ಆಗಬೇಕು. ಚುನಾವಣೆಯ ವರ್ಷದ ಮಾರ್ಚ್ ದಾಟಿದ್ದರೆ ಮಾತ್ರ ನೇಮಕ. ನಡುವೆ ಕೂರುವ ಡೆಪ್ಯುಟಿ ಮೇಯರ್‌ಗೆ ಈ ವಿಶೇಷ ಅಧಿಕಾರ ಇರುವುದಿಲ್ಲ. 2023ರ ಫೆಬ್ರವರಿಯಲ್ಲಿ ಟೋರಿ ಬಿಟ್ಟುಹೋದಾಗ ಹೀಗೇ ಆಯಿತು.

ನಮ್ಮ ಮೇಯರ್ ಇದನ್ನು ಬಳಸಿದ್ದಾರಾ ಅಂತ ಹೇಗೆ ನೋಡುವುದು?

ಪ್ರತಿ ನಿರ್ಧಾರವನ್ನೂ ಬರೆದು ಜನರಿಗೆ ಸಿಗುವಂತೆ ಇಡಬೇಕು ಅಂತ ಕಾನೂನು ಹೇಳುತ್ತೆ. ನಿಮ್ಮ ಊರಿನ ವೆಬ್‌ಸೈಟಿನಲ್ಲಿ ‘ಮೇಯರಲ್ ಡಿಸಿಷನ್ಸ್’ ಅಂತ ಹುಡುಕಿ. ಸಾಮಾನ್ಯವಾಗಿ ಒಂದೇ ಪುಟ ಇರುತ್ತೆ. ಮೇಲೆ ಒಂದು ನಂಬರು, ಕಾನೂನಿನ ಕಲಂ, ಕೆಳಗೆ ಎರಡು ಸಾಲು, ಒಂದು ಸಹಿ. ಮೂರು ಗಂಟೆ ಚರ್ಚೆ ಆಗಬೇಕಿದ್ದ ವಿಷಯ ಎರಡು ಸಾಲಲ್ಲಿ ಮುಗಿದಿರುವುದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು.

ನಾನಿನ್ನೂ ಪಿಆರ್ (ಕಾಯಂ ನಿವಾಸಿ, ಪೌರತ್ವ ಇಲ್ಲ). ವೋಟು ಇದೆಯಾ?

ಇಲ್ಲ. ಕೆನಡಾ ಪೌರತ್ವ ಬೇಕು, 18 ವರ್ಷ ಆಗಿರಬೇಕು. ಪೌರತ್ವ ಇದ್ದವರು 2026ರ ಅಕ್ಟೋಬರ್ 26 ಬರೆದಿಟ್ಟುಕೊಳ್ಳಿ, ನಾಲ್ಕು ವರ್ಷಕ್ಕೊಮ್ಮೆ ಬರುವ ಸ್ಥಳೀಯ ಚುನಾವಣೆ ಅವತ್ತು. ಮನೆಗೆ ಬರುವ ಪ್ರತಿ ಮೇಯರ್ ಅಭ್ಯರ್ಥಿಗೆ ಒಂದು ಪ್ರಶ್ನೆ ಕೇಳಿ: ‘ಬಹುಮತ ಇಲ್ಲದೆ ಬೈಲಾ ತರುತ್ತೀರಾ?’ ಹೌದು ಅಥವಾ ಇಲ್ಲ ಅಂತ ಉತ್ತರ ಬರುವವರೆಗೆ ಬಾಗಿಲು ಹಾಕಬೇಡಿ.

ಕೌನ್ಸಿಲ್ ಸಭೆಗೆ ಹೋಗಿ ಮಾತಾಡಿದರೆ ಏನಾದರೂ ಉಪಯೋಗ ಇದೆಯಾ?

ಇದೆ. ಇದಕ್ಕೆ ಪೌರತ್ವ ಬೇಕಿಲ್ಲ, ಪಿಆರ್ ಕೂಡ ಹೋಗಿ ಮಾತಾಡಬಹುದು. ಮೊದಲೇ ಕ್ಲರ್ಕ್ ಹತ್ತಿರ ಹೆಸರು ಬರೆಸಿ.

ನಾನೂ ಒಂದು ಸಲ ಮಾತಾಡಿದ್ದೇನೆ. 2024ರ ನವೆಂಬರ್, ಸಂಜೆ ಏಳು ಗಂಟೆ. ನಮ್ಮ ಬೀದಿಯ ಕೊನೆಗೆ ಟೌನ್‌ಹೌಸ್‌ಗಳು ಬರುವುದಿತ್ತು. ಮನೆ ಬರಲಿ, ಒಂದು ಕಡೆಗಾದರೂ ಫುಟ್‌ಪಾತ್ ಹಾಕಿಸಿ ಅಂತ ಕೇಳಲು ಹೋಗಿದ್ದೆ. ಐದು ನಿಮಿಷ ಕೊಟ್ಟಿದ್ದರು. ಬರೆದುಕೊಂಡು ಹೋದ ಕಾಗದ ಬೆವರಿಗೆ ಅಂಟಿಕೊಂಡಿತ್ತು. ನಾನು ಮುಗಿಸಿದ ಮೇಲೆ ಹಿರಿಯ ಕೌನ್ಸಿಲರ್ ಒಬ್ಬರು ಕನ್ನಡಕ ಮೇಲೆತ್ತಿ ಒಂದೇ ಪ್ರಶ್ನೆ ಕೇಳಿದರು: ‘ಸ್ಕೂಲ್ ಬಸ್ ಎಲ್ಲಿ ನಿಲ್ಲುತ್ತೆ?’ ಮೂಲೆಯಲ್ಲಿ, ಮಕ್ಕಳು ರಸ್ತೆಯಲ್ಲೇ ನಡೆದು ಹೋಗಬೇಕು ಅಂದೆ. ಅವರು ಏನೋ ಬರೆದುಕೊಂಡರು. ಫುಟ್‌ಪಾತ್ ಸೇರಿಸಬೇಕು ಅಂತ ಅವರೇ ತಿದ್ದುಪಡಿ ತಂದರು. ಮೇಯರ್ ವಿರುದ್ಧ ವೋಟು ಹಾಕಿದರು. ನಾಲ್ಕು-ಮೂರರಲ್ಲಿ ಪಾಸ್ ಆಯಿತು.